ವಾಣಿಜ್ಯ ಓದಿದವರು ಎಲೆಕ್ಟ್ರಾನಿಕ್ಸ್ ಕಲಿತು ಇಂಟರಾಕ್ಷನ್ ಡಿಸೈನ್‌ಗೆ ಬರಬಹುದೇ?

ಬಿ.ಕಾಂ. ಮುಗಿಸಿ ಆ್ಯಪ್‌ಗಳ ಪರದೆ ವಿನ್ಯಾಸ ಮಾಡುತ್ತಿದ್ದೀರಿ, ಇನ್ನು ಮುಂದೆ ಕೈಯಲ್ಲಿ ಹಿಡಿಯುವ, ತಿರುಗಿಸುವ, ಒತ್ತುವ ವಸ್ತುಗಳ ವಿನ್ಯಾಸಕ್ಕೆ ಬರಬೇಕೆಂದಿದ್ದೀರಿ. ಅದಕ್ಕೆ ಮೊದಲು ಎಲೆಕ್ಟ್ರಾನಿಕ್ಸ್ ಸಿದ್ಧಾಂತವನ್ನು ಕ್ರಮವಾಗಿ ಓದಬೇಕೇ, ಇಲ್ಲವೇ ಆರ್ಡುಯಿನೊ (ಗುಂಡಿ, ದೀಪಗಳನ್ನು ಜೋಡಿಸಿ ಪ್ರೋಗ್ರಾಂ ಬರೆದು ಆಡಿಸಬಹುದಾದ ಪುಟ್ಟ ಬೋರ್ಡು) ಕಿಟ್ ಕೊಂಡು ನೇರವಾಗಿ ಕೈಹಾಕಬಹುದೇ ಎಂಬುದು ನಿಮ್ಮ ಪ್ರಶ್ನೆ. ಧೈರ್ಯವಾಗಿ ಕೈಹಾಕಿ. ನಾನು ಚಿತ್ರಕಲೆ ಓದಿದವಳು. ಹೈಸ್ಕೂಲು ಬಿಟ್ಟ ಮೇಲೆ ಓಮ್‌ನ ನಿಯಮದ ಮುಖ ಮತ್ತೆ ನೋಡಿದ್ದು ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ಬಿಡಿಭಾಗಗಳನ್ನು ಚುಚ್ಚಿ ಜೋಡಿಸುವ ಹಲಗೆ) ಮುಂದೆ ಕುಳಿತಾಗಲೇ. ಈಗ ವಿನ್ಯಾಸದ ವಿದ್ಯಾರ್ಥಿಗಳಿಗೆ ಇದನ್ನೇ ಹೇಳಿಕೊಡುತ್ತೇನೆ. ಆದರೆ ಕಿಟ್ಟಿನ ಜೊತೆ ಬರುವ ಪಾಠಗಳನ್ನೆಲ್ಲ ಒಂದರ ಹಿಂದೊಂದು ಮುಗಿಸುತ್ತ ಹೋಗಬೇಡಿ. ಒಂದು ಗುಂಡಿ, ಒಂದು ದೀಪ ಇಟ್ಟುಕೊಂಡು ಅವೆರಡರ ನಡುವೆ ಏನೇನು ನಡೆಯಬಹುದೋ ಅದರಲ್ಲಿ ಕೆಲವು ವಾರ ಮುಳುಗಿ.

ನಿಮ್ಮ ಅಳುಕಿಗೆ ಒಂದು ಮಾತು. ಆರ್ಡುಯಿನೊ ಹುಟ್ಟಿದ್ದೇ ನಿಮ್ಮಂಥವರಿಗಾಗಿ. ಇಟಲಿಯ ಟ್ಯೂರಿನ್ ಬಳಿಯ ಇವ್ರಿಯಾ ಎಂಬ ಪಟ್ಟಣ ಒಲಿವೆಟ್ಟಿ ಟೈಪ್‌ರೈಟರ್‌ಗಳ ತವರು. ಅಲ್ಲಿ ಇಂಟರಾಕ್ಷನ್ ಡಿಸೈನ್, ಅಂದರೆ ಬಳಸುವವರಿಗೂ ವಸ್ತುವಿಗೂ ನಡುವಿನ ಒಡನಾಟದ ವಿನ್ಯಾಸ, ಕಲಿಸುವುದಕ್ಕೆಂದೇ ಒಂದು ಸಂಸ್ಥೆ ಇತ್ತು. ಆಗ ಸಿಗುತ್ತಿದ್ದ ಮೈಕ್ರೊಕಂಟ್ರೋಲರ್ (ಒಂದೇ ಚಿಪ್ಪಿನ ಪುಟ್ಟ ಕಂಪ್ಯೂಟರ್) ಬೋರ್ಡುಗಳು ವಿದ್ಯಾರ್ಥಿಗಳ ಜೇಬಿಗೆ ಭಾರ, ಎಂಜಿನಿಯರಿಂಗ್ ಓದದವರಿಗೆ ಬಳಸಲೂ ಕಷ್ಟ. ಕೊಲಂಬಿಯಾದಿಂದ ಬಂದಿದ್ದ ಹೆರ್ನಾಂಡೊ ಬಾರಗಾನ್ ಎಂಬ ವಿದ್ಯಾರ್ಥಿ 2003ರಲ್ಲಿ ತನ್ನ ಸ್ನಾತಕೋತ್ತರ ಪ್ರಬಂಧಕ್ಕಾಗಿ ‘ವೈರಿಂಗ್’ ಎಂಬ ಸರಳ ಬೋರ್ಡು ಮತ್ತು ಅದರ ತಂತ್ರಾಂಶವನ್ನು ಕಟ್ಟತೊಡಗಿದ. ಅದೇ ಜಾಡಿನಲ್ಲಿ 2005ರಲ್ಲಿ ಮಾಸ್ಸಿಮೊ ಬಾಂಝಿ ಮತ್ತು ಸಂಗಡಿಗರು ಆರ್ಡುಯಿನೊವನ್ನು ತಂದರು. ಬಾರಗಾನ್‌ಗೆ ಸಲ್ಲಬೇಕಾದ ಮನ್ನಣೆ ಸಲ್ಲಿದ್ದು ಕಡಿಮೆ. ಅದಕ್ಕೇ ಈ ಹೆಸರನ್ನು ಎಲ್ಲ ವಿದ್ಯಾರ್ಥಿಗಳಿಗೂ ಮೊದಲ ದಿನವೇ ಹೇಳುತ್ತೇನೆ.

ಖರೀದಿಗೆ ತಲೆ ಕೆಡಿಸಿಕೊಳ್ಳಬೇಡಿ. ಆರ್ಡುಯಿನೊ ಉನೊ ಮಾದರಿಯ ಬೋರ್ಡು, ಬ್ರೆಡ್‌ಬೋರ್ಡ್, ಜಂಪರ್ ವೈರುಗಳು, ಕೆಲವು ಎಲ್‌ಇಡಿ, ವಿದ್ಯುತ್ ಹರಿವನ್ನು ತಗ್ಗಿಸುವ 220 ಓಮ್ ಮತ್ತು 10 ಕಿಲೋಓಮ್ ರೆಸಿಸ್ಟರ್‌ಗಳು, ಪುಶ್ ಬಟನ್‌ಗಳು, ಒಂದು ಪೊಟೆನ್ಶಿಯೋಮೀಟರ್ (ತಿರುಗಿಸುವ ಗುಬುಟು), ಒಂದು ಬಜರ್, ವೋಲ್ಟ್ ಅಳೆಯುವ ಒಂದು ಮಲ್ಟಿಮೀಟರ್ ಇದ್ದರೆ ಧಾರಾಳವಾಯಿತು. ಬೆಂಗಳೂರಿನಲ್ಲಿದ್ದರೆ ಆನ್‌ಲೈನ್‌ನಲ್ಲಿ ತರಿಸುವ ಬದಲು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಗೇ ಹೋಗಿ, ಗುಂಡಿಗಳನ್ನು ಒತ್ತಿ ನೋಡಿ ಆರಿಸಿಕೊಳ್ಳಿ. ಒಂದು ಟಕ್ಕೆಂದು ಕೂರುತ್ತದೆ, ಇನ್ನೊಂದು ಮೆತ್ತಗೆ ಇಳಿಯುತ್ತದೆ, ಮತ್ತೊಂದು ಒತ್ತಿದ್ದೇ ತಿಳಿಯುವುದಿಲ್ಲ. ಇಂಟರಾಕ್ಷನ್ ಡಿಸೈನ್ ಅಲ್ಲಿಂದಲೇ ಶುರುವಾಗುತ್ತದೆ. ಕಡಿಮೆ ಬೆಲೆಯ ಬೋರ್ಡನ್ನು ಕಂಪ್ಯೂಟರ್ ಗುರುತಿಸದಿದ್ದರೆ ಗಾಬರಿ ಬೇಡ. ಅಂಥವುಗಳಲ್ಲಿ ಕಂಪ್ಯೂಟರ್ ಜೊತೆ ಮಾತಾಡಲು ಸಾಮಾನ್ಯವಾಗಿ ಸಿಎಚ್340 ಚಿಪ್ ಇರುತ್ತದೆ, ಅದರ ಡ್ರೈವರ್ ಹಾಕಿಕೊಳ್ಳಿ. ಕೇಬಲ್ಲನ್ನೂ ಬದಲಿಸಿ ನೋಡಿ, ಕೆಲವು ಕೇಬಲ್‌ಗಳಲ್ಲಿ ಚಾರ್ಜ್ ಮಾಡುವ ತಂತಿಗಳಷ್ಟೇ ಇರುತ್ತವೆ.

ಈಗ ಗುಂಡಿ ಮತ್ತು ದೀಪ. ಬೋರ್ಡಿನ ಪಿನ್ 5 ವೋಲ್ಟ್ ಕೊಡುತ್ತದೆ. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತೆಗೆದುಕೊಳ್ಳುತ್ತದೆ. ಉಳಿದ 3 ವೋಲ್ಟನ್ನು 220 ಓಮ್‌ನಿಂದ ಭಾಗಿಸಿದರೆ ಸುಮಾರು 14 ಮಿಲಿಆಂಪಿಯರ್. ಪಿನ್ನಿಗೆ 20ರೊಳಗೆ ಇದ್ದರೆ ಕ್ಷೇಮ. ಓಮ್‌ನ ನಿಯಮ ಇಷ್ಟೇ, ಅದೂ ಬೇಕಾದ ಹೊತ್ತಿಗೆ ಬೇಕಾದಷ್ಟು. ಮಲ್ಟಿಮೀಟರ್ ಹಿಡಿದು ಆ 2 ವೋಲ್ಟನ್ನು ನೀವೇ ಅಳೆದು ನೋಡಿದರೆ ಮತ್ತೆ ಮರೆಯುವುದಿಲ್ಲ.

ಇನ್ನು ಗುಂಡಿಯ ಒಂದು ತುದಿಯನ್ನು ಬೇರೊಂದು ಪಿನ್ನಿಗೆ, ಇನ್ನೊಂದನ್ನು ಗ್ರೌಂಡಿಗೆ (ಬೋರ್ಡಿನ 0 ವೋಲ್ಟ್ ತುದಿ) ಜೋಡಿಸಿ, ಒತ್ತಿದರೆ ದೀಪ ಹೊತ್ತುವಂತೆ ಪ್ರೋಗ್ರಾಂ ಬರೆಯಿರಿ. ಬೇರೇನೂ ಮಾಡದೆ ಬಿಟ್ಟರೆ, ಗುಂಡಿ ಮುಟ್ಟದೆ ಬರೀ ಕೈಯನ್ನು ತಂತಿಯ ಹತ್ತಿರ ತಂದರೂ ದೀಪ ಮಿಣುಕಬಹುದು. ಒತ್ತದೇ ಇರುವಾಗ ಆ ಪಿನ್ 5 ವೋಲ್ಟಿಗೂ ಸೇರಿಲ್ಲ, ಗ್ರೌಂಡಿಗೂ ಸೇರಿಲ್ಲ. ಸುತ್ತಲಿನ ವಿದ್ಯುತ್ ಗದ್ದಲವನ್ನೆಲ್ಲ ಹಿಡಿದುಕೊಳ್ಳುತ್ತದೆ. ಒತ್ತದಿರುವಾಗ ಪಿನ್ನನ್ನು 5 ವೋಲ್ಟಿನ ಕಡೆ ಎಳೆದು ಹಿಡಿಯುವ, ಚಿಪ್ಪಿನೊಳಗೇ ಇರುವ ಪುಲ್‌ಅಪ್ ರೆಸಿಸ್ಟರ್ ಅನ್ನು ಪ್ರೋಗ್ರಾಂನಲ್ಲಿ ಚಾಲೂ ಮಾಡಿದರೆ ಸರಿಹೋಗುತ್ತದೆ. ಸರಿಪಡಿಸುವ ಮೊದಲು ಸ್ವಲ್ಪ ಹೊತ್ತು ಆ ಮಿಣುಕನ್ನು ನೋಡಿ.

ಮುಂದಿನ ಹೆಜ್ಜೆ: ಒಮ್ಮೆ ಒತ್ತಿದರೆ ಹೊತ್ತಬೇಕು, ಮತ್ತೊಮ್ಮೆ ಒತ್ತಿದರೆ ಆರಬೇಕು. ಬರೆದು ನೋಡಿ, ಒಮ್ಮೊಮ್ಮೆ ದೀಪ ಮಾತು ಕೇಳುವುದಿಲ್ಲ. ಗುಂಡಿಯೊಳಗಿನ ಲೋಹದ ತುದಿಗಳು ಕೂಡುವಾಗ ಕೆಲವು ಮಿಲಿಸೆಕೆಂಡು ಪುಟಿಯುತ್ತವೆ. ನಿಮ್ಮ ಬೆರಳಿಗೆ ಅದು ಒಂದೇ ಒತ್ತು. ಸೆಕೆಂಡಿಗೆ 1.6 ಕೋಟಿ ಬಾರಿ ಮಿಡಿಯುವ ಚಿಪ್ಪಿಗೆ ಅದೇ ಹಲವು ಒತ್ತುಗಳಾಗಿ ಕಾಣಿಸುತ್ತದೆ. ಮೊದಲ ಬದಲಾವಣೆಯ ನಂತರ 20-50 ಮಿಲಿಸೆಕೆಂಡು ಏನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಎಂದು ಚಿಪ್ಪಿಗೆ ಹೇಳಬೇಕು. ಮನುಷ್ಯರ ಕಾಲವೇ ಬೇರೆ, ಯಂತ್ರದ ಕಾಲವೇ ಬೇರೆ. ಅವೆರಡಕ್ಕೂ ಹೊಂದಾಣಿಕೆ ಮಾಡಿಸುವುದೇ ನೀವು ಕೇಳುತ್ತಿರುವ ಕಸುಬು.

ಇಲ್ಲಿ ಒಂದು ಪ್ರಯೋಗ ಮಾಡಲೇಬೇಕು. ಗುಂಡಿ ಒತ್ತುವುದಕ್ಕೂ ದೀಪ ಹೊತ್ತುವುದಕ್ಕೂ ನಡುವೆ ಬೇಕೆಂದೇ ತಡ ಹಾಕಿ: ಮೊದಲು 50 ಮಿಲಿಸೆಕೆಂಡು, ಆಮೇಲೆ 200, 500, 1000. ಏನೂ ವಿವರಿಸದೆ ಮನೆಯವರ ಕೈಗೆ ಕೊಡಿ. 0.1 ಸೆಕೆಂಡಿನೊಳಗೆ ಉತ್ತರ ಬಂದರೆ ತಕ್ಷಣವೇ ಆಯಿತೆಂದು ಜನರಿಗೆ ಅನ್ನಿಸುತ್ತದೆ. ತಡ ಹೆಚ್ಚಿದಂತೆ ಮತ್ತೊಮ್ಮೆ ಒತ್ತುತ್ತಾರೆ, ಇನ್ನೂ ಹೆಚ್ಚಿದರೆ ಜೋರಾಗಿ ಒತ್ತುತ್ತಾರೆ, ಕೊನೆಗೆ ‘ಇದು ಕೆಟ್ಟಿದೆ’ ಎನ್ನುತ್ತಾರೆ. ಕೆಟ್ಟಿಲ್ಲ, ಉತ್ತರ ತಡವಾಗಿದೆ ಅಷ್ಟೇ. ಆರಂಭದ ಪಾಠಗಳಲ್ಲಿ ಬರುವ ‘ಡಿಲೇ’ ಆದೇಶವೂ ಇದೇ ತೊಂದರೆ ತರುತ್ತದೆ: ದೀಪ ಮಿನುಗಿಸಲು ಒಂದು ಸೆಕೆಂಡು ಕಾಯುತ್ತಿರುವಷ್ಟು ಹೊತ್ತೂ ಬೋರ್ಡು ಗುಂಡಿಯ ಕಡೆ ನೋಡುವುದೇ ಇಲ್ಲ. ಬೋರ್ಡು ಚಾಲೂ ಆಗಿ ಎಷ್ಟು ಮಿಲಿಸೆಕೆಂಡಾಯಿತೆಂದು ಹೇಳುವ ‘ಮಿಲಿಸ್’ ಆದೇಶ ಬಳಸಿ ಕಾಲವನ್ನು ಅಳೆಯುತ್ತ, ನಡುನಡುವೆ ಗುಂಡಿಯನ್ನೂ ಗಮನಿಸುವಂತೆ ಬರೆಯುವುದನ್ನು ಬೇಗ ಕಲಿತುಕೊಳ್ಳಿ. ಸಿಮ್ಯುಲೇಟರ್‌ಗಳು ಕೋಡ್ ಪರೀಕ್ಷೆಗೆ ಒಳ್ಳೆಯವು. ಈ ಪ್ರಯೋಗಕ್ಕೆ ಮಾತ್ರ ಅವು ಸಾಲವು, ಅಲ್ಲಿ ಗುಂಡಿ ಬೆರಳಿಗೆ ತಾಗುವುದಿಲ್ಲ.

ಸಿದ್ಧಾಂತವೇ ಬೇಡವೆಂದು ತಿಳಿಯಬೇಡಿ. ಬಿಲ್ ವರ್‌ಪ್ಲ್ಯಾಂಕ್ ಅವರು ಬಿಲ್ ಮಾಗ್ರಿಜ್ ಜೊತೆಗೂಡಿ 1980ರ ದಶಕದಲ್ಲಿ ಇಂಟರಾಕ್ಷನ್ ಡಿಸೈನ್ ಎಂಬ ಹೆಸರನ್ನು ಚಾಲ್ತಿಗೆ ತಂದವರು. ವಿನ್ಯಾಸಕರು ಉತ್ತರಿಸಬೇಕಾದ ಮೂರು ಪ್ರಶ್ನೆಗಳನ್ನು ಅವರು ಗೀಟುಚಿತ್ರ ಬರೆಯುತ್ತ ಹೇಳುತ್ತಿದ್ದರು: ಬಳಸುವವರು ಹೇಗೆ ಮಾಡುತ್ತಾರೆ, ಆಗಿದ್ದನ್ನು ಹೇಗೆ ಗ್ರಹಿಸುತ್ತಾರೆ, ಹೇಗೆ ಬಳಸಬೇಕೆಂದು ಅವರಿಗೆ ಹೇಗೆ ತಿಳಿಯುತ್ತದೆ. ಮೂರಕ್ಕೂ ಒಂದೇ ವಸ್ತುವಿನಲ್ಲಿ ಉತ್ತರ ಕಾಣಬೇಕೆಂದರೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಡ್ಯುರೆಲ್ ಬಿಷಪ್ 1992ರಲ್ಲಿ ಕಲ್ಪಿಸಿದ ಟೆಲಿಫೋನ್ ಸಂದೇಶ ಯಂತ್ರವನ್ನು ನೋಡಿ. ಸಂದೇಶ ಬಂದಾಗಲೆಲ್ಲ ಒಂದು ಗೋಲಿ ಉರುಳಿ ಹೊರಬರುತ್ತದೆ. ಎಷ್ಟು ಗೋಲಿಯೋ ಅಷ್ಟು ಸಂದೇಶ. ಗೋಲಿಯನ್ನು ಒಂದು ಕುಳಿಯಲ್ಲಿಟ್ಟರೆ ಸಂದೇಶ ಕೇಳಿಸುತ್ತದೆ, ಫೋನಿನ ಮೇಲಿಟ್ಟರೆ ಕಳುಹಿಸಿದವರಿಗೆ ಕರೆ ಹೋಗುತ್ತದೆ. ಪರದೆ ಇಲ್ಲ, ಮೆನು ಇಲ್ಲ. ನಾನು ಈ ಕ್ಷೇತ್ರದಲ್ಲಿ ಇಷ್ಟು ಪ್ರೀತಿಯಿಂದ ನೆನೆಯುವ ಇನ್ನೊಂದು ವಸ್ತು ಇಲ್ಲ.

ಕೈ ಪಳಗಿದ ಮೇಲೆ ನಿಮ್ಮ ಮನೆಗೆ ನಿಜವಾಗಿ ಬೇಕಾದ ಒಂದನ್ನು ಮಾಡಿ. ನಾನು ಸೂಚಿಸುವುದು ಓವರ್‌ಹೆಡ್ ಟ್ಯಾಂಕ್ ಸೂಚಕ. ಸಂಪಿನಿಂದ ನೀರೆತ್ತುವ ಮನೆಗಳಲ್ಲೆಲ್ಲ ಮೋಟರ್ ಹಾಕಿ ಮರೆಯುವುದು, ನೀರು ತುಂಬಿ ಹರಿಯುವುದು, ಪಕ್ಕದ ಮನೆಯವರು ಕೂಗುವುದು ಇದ್ದದ್ದೇ. ನೀರಿನ ಮಟ್ಟ ತಿಳಿಯಲು ಶಬ್ದದ ಪ್ರತಿಧ್ವನಿಯಿಂದ ದೂರ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್ ಎಲ್ಲರ ಕಣ್ಣಿಗೂ ಬೀಳುತ್ತದೆ, ಆದರೆ ಟ್ಯಾಂಕಿನ ತೇವಕ್ಕೆ ಅದರ ತೆರೆದ ಮಾದರಿ ಬಾಳುವುದಿಲ್ಲ. ನೀರಿನಲ್ಲಿ ತೇಲಿ ಮೇಲೆದ್ದಾಗ ಬದಲಾಗುವ ಎರಡು ಫ್ಲೋಟ್ ಸ್ವಿಚ್ ಸಾಕು, ಒಂದು ಮೇಲೆ, ಒಂದು ಕೆಳಗೆ. ಬೋರ್ಡಿನ ಮಟ್ಟಿಗೆ ಅವು ನೀವು ಈಗಾಗಲೇ ಬಲ್ಲ ಗುಂಡಿಗಳೇ, ಬೆರಳಿನ ಬದಲು ನೀರು ಒತ್ತುತ್ತದೆ.

ಅಲ್ಲಿಗೆ ಎಲೆಕ್ಟ್ರಾನಿಕ್ಸ್ ಮುಗಿಯಿತು, ವಿನ್ಯಾಸ ಶುರುವಾಯಿತು. ಕೆಂಪು ದೀಪ ಹೊತ್ತಿದರೆ ಟ್ಯಾಂಕ್ ಖಾಲಿಯೆಂದೇ, ತುಂಬಿತು ಮೋಟರ್ ನಿಲ್ಲಿಸಿ ಎಂದೇ? ಮನೆಯ ಇಬ್ಬರನ್ನು ಕೇಳಿದರೆ ಎರಡು ಉತ್ತರ ಬರಬಹುದು. ಬಣ್ಣದ ಬದಲು ಕೆಳಗಿಂದ ಮೇಲಕ್ಕೆ ಸಾಲಾಗಿ ಹೊತ್ತುವ ದೀಪಗಳನ್ನು ಇಟ್ಟರೆ ಗೊಂದಲ ಕಡಿಮೆ, ಆದರೆ ಅಷ್ಟು ಫ್ಲೋಟ್ ಸ್ವಿಚ್‌ಗಳೂ ಬೇಕಾಗುತ್ತವೆ. ಬಜರ್ ಒಂದೇ ಸಮನೆ ಕಿರುಚಿದರೆ ವಾರದೊಳಗೆ ಯಾರಾದರೂ ಅದರ ತಂತಿ ಕಿತ್ತಿರುತ್ತಾರೆ. ಎರಡು ಸಲ ಕೂಗಿ ಸುಮ್ಮನಾಗಿ, ಮೋಟರ್ ಇನ್ನೂ ಓಡುತ್ತಿದ್ದರೆ ಸ್ವಲ್ಪ ಹೊತ್ತಿನ ಬಳಿಕ ಮತ್ತೆ ಕೂಗುವುದು ಮೇಲು. ಅಜ್ಜಿಗೆ ಕಿವಿ ಮಂದವಾಗಿದ್ದರೆ? ದೀಪ ಇರಬೇಕಾದದ್ದು ಮೋಟರ್ ಸ್ವಿಚ್ಚಿನ ಪಕ್ಕವೋ, ಅಡುಗೆಮನೆಯ ಒಲೆಯ ಮುಂದೋ? ಇದನ್ನು ತಿಳಿಯಲು ತಂತಿಯೇ ಬೇಡ. ಒಂದು ದಿನ ನೀವೇ ತಾರಸಿ ಹತ್ತಿ ನೀರು ನೋಡಿ, ಅಡುಗೆಮನೆಯಲ್ಲಿಟ್ಟ ಫೋನಿಗೆ ಮಿಸ್ಡ್ ಕಾಲ್ ಕೊಡಿ. ಜನ ಅದನ್ನು ಯಾವಾಗ ಗಮನಿಸುತ್ತಾರೆ, ಯಾವಾಗ ಇಲ್ಲ ಎಂದು ಗುರುತು ಹಾಕಿಕೊಳ್ಳಿ. ಬೆಸುಗೆ ಕಡ್ಡಿ ಹಿಡಿಯುವ ಮೊದಲೇ ಅರ್ಧ ವಿನ್ಯಾಸ ಆಗಿಬಿಡುತ್ತದೆ.

ಒಂದು ಎಚ್ಚರಿಕೆಯನ್ನು ಸಡಿಲಿಸುವುದಿಲ್ಲ. 5 ವೋಲ್ಟಿನ ಮಟ್ಟಿಗೆ ಮನಸ್ಸಿಗೆ ಬಂದಂತೆ ಆಡಿ. ಮೋಟರನ್ನೇ ತಾನಾಗಿ ನಿಲ್ಲಿಸುವ ಆಸೆ ಬಂದರೆ, 230 ವೋಲ್ಟಿನ ಆ ಕೆಲಸವನ್ನು ನುರಿತ ಎಲೆಕ್ಟ್ರಿಷಿಯನ್ ಕೈಗೇ ಬಿಡಿ.

ಕೋರ್ಸ್ ಸೇರಬೇಕೇ ಎಂದೂ ಕೇಳಿದ್ದೀರಿ. ಸೇರಿದರೆ ಒಳ್ಳೆಯದೇ, ಮುಖ್ಯವಾಗಿ ಜೊತೆಗಾರರು ಸಿಗುತ್ತಾರೆ. ಆದರೆ ಇಷ್ಟನ್ನು ಮಾಡಿದ ಮೇಲೆ ಅರ್ಜಿ ಹಾಕಿ. ಪೋರ್ಟ್‌ಫೋಲಿಯೊದಲ್ಲಿ ಮಿರುಗುವ ಅಂತಿಮ ಚಿತ್ರಗಳಿಗಿಂತ, ಬಜರಿನ ಕೂಗನ್ನು ಯಾಕೆ ಬದಲಿಸಿದಿರಿ, ಯಾರು ಹೇಗೆ ಬಳಸಿದ್ದನ್ನು ನೋಡಿ ಬದಲಿಸಿದಿರಿ ಎಂಬ ಟಿಪ್ಪಣಿಗೆ ನಾನಂತೂ ಹೆಚ್ಚು ಬೆಲೆ ಕೊಡುತ್ತೇನೆ. ಹಾಗಾಗಿ ಮೊದಲ ದಿನದಿಂದಲೇ ಒಂದು ನೋಟ್‌ಬುಕ್ ಇಡಿ, ಬ್ರೆಡ್‌ಬೋರ್ಡ್ ಬಿಚ್ಚುವ ಮುನ್ನ ಫೋಟೊ ತೆಗೆಯಿರಿ. ನೀವು ಯಾವ ಊರಿನಲ್ಲಿದ್ದೀರಿ ಎಂದು ಬರೆಯಲಿಲ್ಲ. ತಿಳಿಸಿದರೆ, ಬಿಡಿಭಾಗಗಳನ್ನು ಅಲ್ಲಿಗೆ ಹೇಗೆ ಹೊಂದಿಸಿಕೊಳ್ಳಬಹುದು ಎಂಬುದನ್ನು ಸೇರಿಸುತ್ತೇನೆ.