ಔಷಧಿ ಅಂಗಡಿಯವರು ಮಾತ್ರೆ ಕೊಡುವಾಗ ಏನೇನು ಹೇಳಬೇಕು?

ಯಾವಾಗ, ಎಷ್ಟು, ಎಷ್ಟು ದಿನ, ಯಾವುದರ ಜೊತೆ ಬೇಡ, ಇಷ್ಟನ್ನಾದರೂ ಹೇಳಲೇಬೇಕು. ರೋಗಿಗೆ ತಿಳಿಸಿ ಹೇಳುವ ಕೆಲಸ 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳಲ್ಲೇ ಇದೆ.

ನಾನು ಡೊಂಬಿವಲಿಯಲ್ಲಿ ಫಾರ್ಮಸಿಸ್ಟ್. ಮೊನ್ನೆ ಧಾರವಾಡ ಕಡೆಯ ಅಜ್ಜಿಯೊಬ್ಬರು ಬಂದಿದ್ದರು. ಥೈರಾಯ್ಡ್ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಎರಡನ್ನೂ ಬೆಳಗಿನ ಚಹಾದ ಜೊತೆ ನುಂಗುತ್ತಿದ್ದರಂತೆ. ಹಾಗೆ ಮಾಡಿದರೆ ಥೈರಾಯ್ಡ್ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಖಾಲಿ ಹೊಟ್ಟೆಗೆ ಬರೀ ನೀರಿನ ಜೊತೆ ತಗೊಂಡು, ಅರ್ಧ ಗಂಟೆಯಾದರೂ ಬಿಟ್ಟು ಚಹಾ ಕುಡಿಯಬೇಕು. ಕ್ಯಾಲ್ಸಿಯಂಗೆ ಕನಿಷ್ಠ 4 ಗಂಟೆ ಅಂತರ ಬೇಕು. ಇದನ್ನೆಲ್ಲ ಹೇಳಿ, ಸ್ಟ್ರಿಪ್ ಮೇಲೆ ಪೆನ್ನಿನಿಂದ ಸೂರ್ಯನನ್ನೂ ಬರೆದುಕೊಟ್ಟೆ. ಸುಮ್ನೆ ತಲೆಯಾಡಿಸಿದರೆ ಅರ್ಥವಾಗಿದೆ ಅಂತಲ್ಲ, ಅಲ್ವಾ? ಅದಕ್ಕೇ, "ಈಗ ನೀವ್ ಹೇಳ್ರಿ ಅಜ್ಜಿ, ಹ್ಯಾಂಗ ತಗೋತೀರಿ?" ಅಂತ ಕೇಳಿದೆ. "ಮೊದಲ ಚಹಾ ಕುಡದು..." ಅಂದರು. ಇನ್ನೊಂದು ಸಲ ಕೂರಿಸಿಕೊಂಡು ಹೇಳಿದೆ.