ಗಂಜಿಗೆ ಬೆರೆಸುವ ಪುಡಿ ಕಬ್ಬಿಣ ಕದಿಯುತ್ತದೆಯೇ?

ಪ್ರಶ್ನೆ: ಪಾರ್ಶ್ವವಾಯುವಿನ ನಂತರ ಅಪ್ಪನಿಗೆ ನೀರು ಕುಡಿದರೂ ನೆತ್ತಿಗೇರುತ್ತದೆ. ಆಹಾರ ಗಟ್ಟಿ ಮಾಡುವ ಪುಡಿ ಬೆರೆಸಿ ಕೊಡುತ್ತಿದ್ದೇವೆ. ಅದು ಕ್ಯಾಲ್ಸಿಯಂ, ಕಬ್ಬಿಣವನ್ನೆಲ್ಲ ಹಿಡಿದು ಹೊರಹಾಕುತ್ತದಂತೆ. ನಿಲ್ಲಿಸಬೇಕೇ?
– ವಿರಾಜಪೇಟೆಯ ಓದುಗರು

ಉತ್ತರ: ನುಂಗುವ ಪರೀಕ್ಷೆ ಮಾಡಿದವರು ಹೇಳುವವರೆಗೆ ನಿಲ್ಲಿಸಬೇಡಿ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ನಿಮ್ಮ ಕಿವಿ ಊದಿದವರು ಯಾರೋ, ಅವರ ಮೇಲೆ ನನಗೆ ಸಿಟ್ಟಿದೆ. ಕಬ್ಬಿಣದ ಕೊರತೆ ಕಾಣಿಸಲು ತಿಂಗಳುಗಳು ಬೇಕು. ಶ್ವಾಸಕೋಶಕ್ಕೆ ಆಹಾರ ಇಳಿದರೆ ನ್ಯುಮೋನಿಯಾಕ್ಕೆ ಕೆಲವೇ ದಿನ ಸಾಕು.

ಆ ಮಾತಿನಲ್ಲಿ ಅರೆಪಾವು ಸತ್ಯವಿದೆ. ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಿ. ಪಿಷ್ಟವಾದರೆ ಅಮೈಲೇಸ್ ಕಿಣ್ವ ಅದನ್ನು ಜೀರ್ಣಿಸಿಬಿಡುತ್ತದೆ, ಖನಿಜ ಹಿಡಿದಿಡಲು ಏನೂ ಉಳಿಯುವುದಿಲ್ಲ. ಗೋರಿಕಾಯಿ ಬೀಜದಿಂದ ಬರುವ ಗೌರ್ ಗಮ್ ಖನಿಜವನ್ನು ಅಷ್ಟಾಗಿ ಕಟ್ಟಿಹಾಕದು. ಲೋಳೆಯಾಗಿ ಹೀರಿಕೆಯನ್ನು ನಿಧಾನಗೊಳಿಸುತ್ತದೆ, ಅಷ್ಟೇ. ಕಡಲಕಳೆಯಿಂದ ಬರುವ ಆಲ್ಜಿನೇಟ್ ಮತ್ತು ಹಣ್ಣುಗಳಿಂದ ಬರುವ ಪೆಕ್ಟಿನ್‌ನ ಕೆಲವು ಬಗೆಗಳು ಹಾಗಲ್ಲ. ಅವು ಕ್ಯಾಲ್ಸಿಯಂ ಹಿಡಿದೇ ಗಟ್ಟಿಯಾಗುತ್ತವೆ. ಜಠರದ ಆಮ್ಲದಲ್ಲಿ ಆ ಹಿಡಿತ ಸಡಿಲಗೊಳ್ಳುತ್ತದೆ, ಸಣ್ಣಕರುಳಿನಲ್ಲಿ ಆಮ್ಲ ತಗ್ಗಿದಾಗ ಮತ್ತೆ ಬಿಗಿಯಾಗುತ್ತದೆ. ಕಬ್ಬಿಣದ ಹೀರಿಕೆ ನಡೆಯುವುದೂ ಹೆಚ್ಚಾಗಿ ಸಣ್ಣಕರುಳಿನ ಆರಂಭದಲ್ಲೇ. ಪ್ರಯೋಗಾಲಯದ ನಳಿಕೆಯಲ್ಲಿ ನಡೆಸುವ ಜೀರ್ಣಕ್ರಿಯೆ ಸಾಮಾನ್ಯವಾಗಿ ಸಣ್ಣಕರುಳಿನ ಹಂತಕ್ಕೇ ನಿಲ್ಲುತ್ತದೆ; ಹೆದರಿಸುವವರು ಅದರ ಫಲಿತಾಂಶವನ್ನಷ್ಟೇ ಎತ್ತಿ ಹೇಳುತ್ತಾರೆ. ದೇಹದಲ್ಲಿ ಇನ್ನೂ ದೊಡ್ಡಕರುಳಿದೆ. ಅಲ್ಲಿನ ಸೂಕ್ಷ್ಮಜೀವಿಗಳು ಪೆಕ್ಟಿನ್ ಒಡೆದಾಗ ಕ್ಯಾಲ್ಸಿಯಂನ ಒಂದು ಪಾಲು ಮರಳಿ ಸಿಗುತ್ತದೆ.

ಪುಡಿಯನ್ನು ಬಯ್ಯುವ ಮೊದಲು ಕಬ್ಬಿಣದ ಮಾತ್ರೆಯನ್ನು ಯಾವುದರ ಜೊತೆ ಕೊಡುತ್ತಿದ್ದೀರಿ ನೋಡಿ. ಬೆಲ್ಲದ ಕಾಫಿಯೇ? ಕಾಫಿಯ ಪಾಲಿಫಿನಾಲ್‌ಗಳು ಕಬ್ಬಿಣದ ಹೀರಿಕೆಯನ್ನು ಚೆನ್ನಾಗಿಯೇ ತಡೆಯುತ್ತವೆ. ಕೊಡಗಿನಲ್ಲಿ ಕೂತು ಇದನ್ನು ಹೇಳಿದರೆ ಜಗಳಕ್ಕೆ ಬರುತ್ತಾರೆ, ಬರಲಿ. ಎರಡು ಗಂಟೆ ಅಂತರವಿಡಿ. ಮಾತ್ರೆಯನ್ನು ಗಂಜಿಗೆ ಅರೆದು ಹಾಕುವ ಮೊದಲು ವೈದ್ಯರನ್ನು ಕೇಳಿ, ಎಲ್ಲ ಮಾತ್ರೆಗಳನ್ನೂ ಅರೆಯುವಂತಿಲ್ಲ.

ಪುಡಿ ಪಿಷ್ಟದ್ದಾದರೆ ಅಪ್ಪನ ಬಾಯಿಗಿಟ್ಟ ಚಮಚವನ್ನು ಮತ್ತೆ ಬಟ್ಟಲಿಗೆ ಅದ್ದಬೇಡಿ. ಎಂಜಲಿನ ಅಮೈಲೇಸ್‌ನಿಂದ ಗಂಜಿ ನೋಡನೋಡುತ್ತಲೇ ನೀರಾಗುತ್ತದೆ. ಮೊದಲ ತುತ್ತು ಸಲೀಸು, ಕೊನೆಯ ತುತ್ತಿಗೆ ಕೆಮ್ಮು ಎಂದರೆ ಇದನ್ನೇ ಮೊದಲು ಅನುಮಾನಿಸಿ.

ಪ್ರಶ್ನೆ: ಗಂಜಿಗೆ ಕಚಂಪುಳಿ (ಕೊಡಗಿನ ಹುಳಿ ರಸ) ಬಿಟ್ಟರೆ ಖನಿಜ ಪೂರ್ತಿ ಸಿಗುತ್ತದೆಯೇ?
– ಸೋಮವಾರಪೇಟೆಯ ಓದುಗರು

ಉತ್ತರ: ಕಚಂಪುಳಿ ಪಂದಿಕರಿಗಿರಲಿ.

ಪ್ರಶ್ನೆ: ನುಂಗಲು ಕಷ್ಟವಿರುವ ಅಜ್ಜಿಗೆ ಮೊಳಕೆ ರಾಗಿಯ ಗಂಜಿ ಒಳ್ಳೆಯದೇ?
– ಮಡಿಕೇರಿಯ ಓದುಗರು

ಉತ್ತರ: ಮೊಳಕೆಯಿಂದ ಕಾಳಿನಲ್ಲಿ ಕಬ್ಬಿಣವನ್ನು ಹಿಡಿದಿಡುವ ಫೈಟೇಟ್ ತಗ್ಗುತ್ತದೆ, ಕಬ್ಬಿಣದ ಹೀರಿಕೆಗೆ ಅನುಕೂಲ. ಆದರೆ ಅದೇ ಮೊಳಕೆಯ ಕಿಣ್ವ ಗಂಜಿಯನ್ನು ತೆಳುವಾಗಿಸುತ್ತದೆ. ಚೆನ್ನಾಗಿ ಕುದಿಸಿ, ಆರಿದ ಮೇಲೆ ಹದ ನೋಡಿ ಕೊಡಿ.

ಪ್ರಶ್ನೆ: ಸಂತೆಯಲ್ಲಿ ಸಿಗುವ ‘ಖನಿಜ ಭಸ್ಮ’ ಬೆರೆಸಬಹುದೇ?
– ಗೋಣಿಕೊಪ್ಪದ ಓದುಗರು

ಉತ್ತರ: ಬೇಡ. ಹೆಸರಿಲ್ಲದ ಆ ಪೊಟ್ಟಣದಲ್ಲಿ ಸೀಸವಿದೆಯೋ ಪಾದರಸವಿದೆಯೋ ಮಾರುವವನಿಗೇ ಗೊತ್ತಿರುವುದಿಲ್ಲ.