ಕಾಡು ಲೆಟ್ಯೂಸ್: ನಿದ್ದೆ ಮಾತ್ರೆಯ ಜೊತೆ ಕೊಡಬಹುದೇ?

ಪ್ರಶ್ನೆ: 68 ವರ್ಷದ ನನ್ನ ತಾಯಿ ಮಂಡಿನೋವಿನಿಂದ ನಿದ್ದೆಯಿಲ್ಲದೆ ಬಳಲುತ್ತಿದ್ದು, ವೈದ್ಯರು ಬರೆದುಕೊಟ್ಟ ನಿದ್ದೆ ಮಾತ್ರೆಯನ್ನು ಕೆಲವು ತಿಂಗಳಿಂದ ತೆಗೆದುಕೊಳ್ಳುತ್ತಿದ್ದಾರೆ. ಕಾಡು ಲೆಟ್ಯೂಸ್ ಅಫೀಮಿನಂತೆ ನೋವು ಕಳೆಯುತ್ತದೆ, ಚಟ ಹಿಡಿಸುವುದಿಲ್ಲ ಎಂದು ಪರಿಚಿತರೊಬ್ಬರು ಅದರ ಮದ್ಯಸಾರದ ಅರ್ಕವನ್ನು ತಂದುಕೊಟ್ಟಿದ್ದಾರೆ. ಮಾತ್ರೆಯ ಜೊತೆಗೆ ಕೊಡಬಹುದೇ?

ಉತ್ತರ: ದಯವಿಟ್ಟು ಕೊಡಬೇಡಿ. ಈ ಗಿಡದ ಕಾಂಡವನ್ನು ಕೊಯ್ದಾಗ ಒಸರುವ ಬಿಳಿ ಹಾಲು ಗಾಳಿ ತಾಗಿ ಕಂದು ಬಣ್ಣಕ್ಕೆ ತಿರುಗಿ ಅಂಟಿನಂತೆ ಗಟ್ಟಿಯಾಗುತ್ತದೆ; ನೋಡಲು ಅಫೀಮಿನಂತಿರುವ ಇದನ್ನು 19ನೆಯ ಶತಮಾನದಲ್ಲಿ ಯುರೋಪ್ ಮತ್ತು ಅಮೆರಿಕದ ವೈದ್ಯರು ಕೆಮ್ಮಿಗೂ ನಿದ್ರಾಹೀನತೆಗೂ ಕೊಡುತ್ತಿದ್ದರು. ಆದರೆ ಅಫೀಮಿನಲ್ಲಿರುವ, ನೋವು ಕಳೆಯುವ ಮಾರ್ಫಿನ್ ಇದರಲ್ಲಿಲ್ಲ. ಕಹಿಗೆ ಕಾರಣವಾದ ಲ್ಯಾಕ್ಟುಸಿನ್ ಮತ್ತು ಲ್ಯಾಕ್ಟುಕೋಪಿಕ್ರಿನ್ ಎಂಬ ಸಂಯುಕ್ತಗಳು ನೋವು ತಗ್ಗಿಸಿ ಮಂಪರು ತರಿಸುತ್ತವೆ ಎಂಬುದು 2006ರಲ್ಲಿ ಪ್ರಕಟವಾದ, ಇಲಿಗಳ ಮೇಲಿನ ಪ್ರಯೋಗದಲ್ಲಿ ಕಂಡುಬಂದಿದೆ. ಅಷ್ಟರಿಂದಲೇ ಮನುಷ್ಯರಿಗೆ ಇಂತಿಷ್ಟು ಕೊಟ್ಟರೆ ಕ್ಷೇಮ ಎಂದು ಹೇಳಲಾಗದು.

ನನ್ನನ್ನು ಹೆಚ್ಚು ಚಿಂತೆಗೀಡುಮಾಡಿರುವುದು ನಿಮ್ಮ ತಾಯಿಯ ವಯಸ್ಸು ಮತ್ತು ಅವರು ಈಗಾಗಲೇ ಸೇವಿಸುತ್ತಿರುವ ಮಾತ್ರೆ. ಮಾತ್ರೆಯ ಮಂಪರಿಗೆ ಗಿಡದ ಮಂಪರು ಸೇರಿ, ಅದರ ಮೇಲೆ ಅರ್ಕದ ಮದ್ಯಸಾರವೂ ಕೂಡಿದರೆ ಉಸಿರಾಟ ನಿಧಾನಗೊಳ್ಳುವ ಅಪಾಯವಿದೆ. ಮಂಡಿ ನೋಯುವವರು ರಾತ್ರಿ ಶೌಚಕ್ಕೆಂದು ಎದ್ದಾಗ ತೂಕ ತಪ್ಪಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳಬಹುದು. ಇರಾನಿನಲ್ಲಿ ಈ ಗಿಡವನ್ನು ತಿಂದು ಅಸ್ವಸ್ಥರಾದ 8 ಮಂದಿಯ ವಿವರ 2009ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಗಿತ್ತು. ಎಲ್ಲರೂ ಚೇತರಿಸಿಕೊಂಡರೆಂಬುದು ಸಮಾಧಾನದ ಸಂಗತಿಯಾದರೂ, ಗಿಡಮೂಲಿಕೆಯಾದ್ದರಿಂದ ತೊಂದರೆಯೇನಿಲ್ಲ ಎಂಬ ಮಾತನ್ನು ಒಪ್ಪಲು ನನಗೆ ಸಾಧ್ಯವಿಲ್ಲ.

ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಅಥವಾ ಪ್ರಾಸ್ಟೇಟ್ ಗ್ರಂಥಿಯ ಊತವಿರುವವರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಸೇವಂತಿಗೆ ಜಾತಿಯ ಗಿಡಗಳು ಒಗ್ಗದವರು ಇದರಿಂದ ದೂರವಿರುವುದು ಒಳಿತು.

ಅರ್ಕವನ್ನು ಈಗಾಗಲೇ ಕೊಟ್ಟಿದ್ದು, ಕಣ್ಣಿನ ಪಾಪೆ ಹಿಗ್ಗುವುದು, ಮೂತ್ರ ಕಟ್ಟುವುದು, ಎಬ್ಬಿಸಿದರೂ ಎಚ್ಚರಗೊಳ್ಳದಿರುವುದು ಇವುಗಳಲ್ಲಿ ಯಾವುದು ಕಂಡರೂ ಆ ಬಾಟಲಿಯೊಡನೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ನಿದ್ದೆ ಮಾತ್ರೆಯನ್ನು ಮಾತ್ರ ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ, ಕೆಲವು ಮಾತ್ರೆಗಳನ್ನು ಹಾಗೆ ನಿಲ್ಲಿಸಿದರೆ ನಡುಕ, ಗಾಬರಿ, ಅಪಸ್ಮಾರದಂತಹ ಸೆಳೆತ ಕೂಡ ಬರಬಹುದು. ನೋವಿನಿಂದಲೇ ನಿದ್ದೆ ಕೆಡುತ್ತಿದ್ದರೆ ಮೊದಲು ಮಂಡಿಗೆ ಸರಿಯಾದ ಚಿಕಿತ್ಸೆಯಾಗಬೇಕು. ಮಾತ್ರೆ ಬರೆದುಕೊಟ್ಟ ವೈದ್ಯರಲ್ಲಿ ಇದನ್ನೇ ಕೇಳಿ, ವ್ಯಾಯಾಮ ಚಿಕಿತ್ಸೆಯ ಬಗ್ಗೆಯೂ ವಿಚಾರಿಸಿ.